ಎಡಗಡೆಯ ಬಟ್ಟಲು

ನರಿನ್
ಅಕ್ಟೋಬರ್ ೧೭

ಪ್ರೀತಿಯ ಮಗಳು ಸಿರ್ಗಾಳಿಗೆ,

ನೀನೂ ಓಶ್‌ನ ನಿನ್ನ ಶಾಲೆಯ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೆ ಉತ್ತರಿಸಲಿಲ್ಲ, ಕ್ಷಮಿಸು. ಖಚಿತವಾಗದ ಸಂಗತಿಯನ್ನು ಬರೆಯುವುದು ನನಗೆ ಒಗ್ಗುವುದಿಲ್ಲ. ಈಗ ಖಚಿತವಾಗಿದೆ.

೧. ನಿನ್ನ ತಾಯಿಗೆ ಎಡಗಡೆ ಕಾಣುತ್ತಿದೆ.

೨. ಅವಳ ಕಣ್ಣಿಗೆ ಎಂದೂ ದೋಷವಿರಲಿಲ್ಲ. ಪಾರ್ಶ್ವವಾಯುವಾದ ಮೇಲೆ ಮಿದುಳು ಎಡಗಡೆಯ ಜಗತ್ತನ್ನು ಗಮನಿಸುವುದನ್ನೇ ಬಿಟ್ಟಿತ್ತು. ತಟ್ಟೆಯ ಬಲಭಾಗವನ್ನಷ್ಟೇ ಉಂಡು, ಇನ್ನೂ ಹಸಿವು ಎನ್ನುತ್ತಿದ್ದಳು.

೩. ನಿನ್ನ ಭಾವೀ ಅತ್ತೆ ಮಾವ ಭಾನುವಾರ ಬರುತ್ತಾರೆ. ಅಮ್ಮ ಚಹಾ ಕುದಿಯುವ ಸಮೋವರ್ ಬಳಿ ಕೂತು ಚಹಾ ಕೊಡದಿದ್ದರೆ ಮದುವೆಯ ಮಾತೇ ಬೇಡವೆಂದು ನೀನು ಬರೆದಿದ್ದೆ.

ಬೇಸಿಗೆಯಿಡೀ ಮನೆಯಲ್ಲೊಂದು ವಿಚಿತ್ರ ತಪ್ಪು ತಿಳಿವಳಿಕೆ ನಡೆಯಿತು. ನಮ್ಮ ಪದ್ಧತಿಯಂತೆ ಬಾಗಿಲ ಬಳಿ ಕೂತು ಚಹಾ ಕೊಡುವ ಸೊಸೆಯ ಎಡಕ್ಕೆ ಗಂಡಸರು ಕೂರುತ್ತಾರಷ್ಟೆ. ನಿನ್ನ ತಾಯಿ ಅತ್ತ ತಿರುಗಲೇ ಇಲ್ಲ. ನಿನ್ನ ಅಜ್ಜಿ ಹಿಗ್ಗಿಹೋದರು.

“ನೋಡು, ಈ ವಯಸ್ಸಿನಲ್ಲಾದ್ರೂ ಸೊಸೆಗೆ ಮರ್ಯಾದೆ ಬಂತು. ಬಾವನ ಕಡೆ ಕಣ್ಣೆತ್ತಿ ಸಹ ನೋಡಲ್ಲ.”

ನಿನ್ನ ದೊಡ್ಡಪ್ಪ ಕಸಿಮಾಲಿ ಖಾಲಿ ಬಟ್ಟಲು ತಿರುಗಿಸುತ್ತಾ, “ಮರ್ಯಾದೆ ಸರಿ ಅಮ್ಮಾ, ಚಹಾ ಎಲ್ಲಿ?” ಎಂದರು. ಆಮೇಲೆ ನನ್ನನ್ನು ಹೊರಗೆ ಕರೆದು, “ಇವಳ ಬುದ್ಧೀನೇ ಮಂಕಾಗಿದೆ ಕಣೋ. ಭಾನುವಾರ ನನ್ನ ಹೆಂಡ್ತಿ ಕೂರ್ಲಿ,” ಎಂದರು.

ವೈದ್ಯೆ ರಾಹಿಮಾ ಒಪ್ಪಲಿಲ್ಲ. ಗಮನ ಎಡಕ್ಕೆ ಹರಿದಂತೆಲ್ಲ ನೆನಪು, ಲೆಕ್ಕ, ಹಾಸ್ಯ ಎಲ್ಲವೂ ಚುರುಕಾಗಬಹುದು ಎಂದರು. ಅವರ ಸಲಹೆಯಂತೆ ಊಟದ ಹಾಸಿನ ಎಡ ಅಂಚಿಗೆ ಕೆಂಪು ಉಣ್ಣೆಯ ಪಟ್ಟಿ ಹೊಲಿದೆವು. ಕೆಂಪು ಕಾಣುವವರೆಗೆ ತಲೆ ತಿರುಗಿಸಬೇಕು, ಆಮೇಲೇ ಚಹಾ ಹಾಕಬೇಕು. ಅವಳು ಬೈದಳು, ಅತ್ತಳು, ಅಭ್ಯಾಸ ಮಾಡಿದಳು.

ನಿನ್ನೆ ಬಲಗಡೆಯವರಿಗೆಲ್ಲ ಕೊಟ್ಟಾದ ಮೇಲೆ ಅವಳ ಕೈ ನಿಂತಿತು. ತಲೆ ನಿಧಾನವಾಗಿ ಎಡಕ್ಕೆ ಹೊರಳಿತು. ಕೆಂಪು ಪಟ್ಟಿ ಸಿಕ್ಕಿತು, ಬಟ್ಟಲು ಸಿಕ್ಕಿತು, ಅದನ್ನು ಹಿಡಿದಿದ್ದ ಬಾವನೂ ಸಿಕ್ಕರು.

“ಬಟ್ಟಲು ಒಣಗಿದ್ರೂ ಸುಮ್ನೆ ಕೂತಿದ್ದೀರಲ್ಲ ಬಾವ, ಲಕ್ವ ಹೊಡೆದಿರೋದು ನಂಗಾ, ನಿಮ್ಗಾ?”

“ಅಂತೂ ಮರ್ಯಾದೆ ಹೋಯ್ತು,” ಎಂದರು ದೊಡ್ಡಪ್ಪ. ಅವರ ಕಣ್ಣು ತುಂಬಿತ್ತು. “ಭಾನುವಾರ ನೀನೇ ಕೂರಮ್ಮ. ನನಗೆ ಮಾತ್ರ ಮೊದಲು ಕೊಡು.”

ಅಜ್ಜಿಗೆ ಇನ್ನೂ ಮುನಿಸು. ನನಗೆ ಮಾತ್ರ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ; ನಾನು ದುಡಿದ ಅಣೆಕಟ್ಟಿನ ಯಂತ್ರಗಳು ಮೊದಲ ಬಾರಿ ತಿರುಗಿದ ದಿನವೂ ಹೀಗಾಗಿರಲಿಲ್ಲ. ಮದುವೆಯ ಮಾತು ನಡೆಯಲಿ. ನಿನ್ನ ಬಾಳು ತಂಪಾಗಿರಲಿ, ಮಗಳೇ.

ನಿನ್ನ ತಂದೆ,
ಒರೊಜ್‌ಬೆಕ್

ಮರೆತ ಮಾತು: ಆಸ್ಪತ್ರೆಯಲ್ಲಿ ಎಡಗಡೆಯೇ ಕೂರಿ, ಗಮನ ಅತ್ತ ಸೆಳೆಯಿರಿ ಎಂದು ವೈದ್ಯೆ ಹೇಳಿದ್ದರು. ದಿನವೂ ಅಲ್ಲೇ ಅವಳ ಎಡಗೈ ಹಿಡಿದು ಕೂತಿರುತ್ತಿದ್ದೆ. ನನಗೆ ಮಾತು ಕಡಿಮೆಯೆಂದು ನಿನಗೆ ಗೊತ್ತು. ನನ್ನೆದುರೇ ಅವಳು ದಾದಿಗೆ, “ನಮ್ಮನೆಯವರು ಒಂದ್ಸಲಾನೂ ಬರ್ಲಿಲ್ಲ,” ಎನ್ನುತ್ತಿದ್ದಳು. ಈಗಲೂ ಅದನ್ನೇ ನಂಬಿದ್ದಾಳೆ. ನಿನ್ನೆ ನನ್ನ ಬಟ್ಟಲು ತುಂಬಿಸುತ್ತಾ, “ಹೋಗ್ಲಿ, ಆಸ್ಪತ್ರೆ ಅಂದ್ರೆ ನಿಮಗೆ ಭಯ ಅಂತ ಗೊತ್ತು, ಕ್ಷಮಿಸಿದೀನಿ,” ಎಂದಳು. ನಾನು ಬಂದಿದ್ದೆನೆಂದು ಅವಳಿಗೆ ಹೇಳುವುದಿಲ್ಲವೆಂದು ನಿರ್ಧರಿಸಿದ್ದೇನೆ.