ಕೌದಿಯೊಳಗಿನ ಚೀಲ

ಭೋಸರಿ, ಪುಣೆ

ರಾಜೀವ ಸಾಹೇಬರಿಗೆ ಕಾಶವ್ವನ ನಮಸ್ಕಾರ.

ಆಸ್ಬೆಸ್ಟಾಸ್ ಧೂಳಿನ ಕ್ಯಾನ್ಸರಿನಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಜನ ಸಾಯಬಹುದೆಂದು ಲೆಕ್ಕ ಹಾಕಲು ನೀವು ನಮ್ಮ ಮನೆಗೂ ಬಂದಿದ್ದಿರಿ. "ಶೀಟಿನ ಕಾರ್ಖಾನಿಗೆ ಹೋಗ್ತಿದ್ದವ್ರು ನಮ್ಮ ಮನಿಯವ್ರೊಬ್ರ ರೀ, ಅವ್ರೂ ತೀರಿಕೊಂಡ್ರು" ಎಂದೆ. ಆ ಧೂಳು ಎದೆಯೊಳಗೆ ನಲವತ್ತು ವರ್ಷ ಸುಮ್ಮನಿರಬಲ್ಲದು ಎಂದು ನೀವು ಹೇಳಿದಿರಿ.

ನಾನು ಹೇಳಿದ್ದು ತಪ್ಪಾಯಿತು. ಅಲ್ಲಿ ಆಸ್ಬೆಸ್ಟಾಸ್ ಸುರಿದು ಖಾಲಿಯಾದ ಚೀಲಗಳನ್ನು, ಗಟ್ಟಿ ಬಟ್ಟೆಯೆಂದು, ನಮ್ಮ ಯಜಮಾನರು ಮನೆಗೆ ತರುತ್ತಿದ್ದರು. ನಾನು ಧೂಳು ಕೊಡವಿ, ಹಳೆಯ ಸೀರೆಗಳ ನಡುವೆ ಅವನ್ನಿಟ್ಟು ಕೌದಿ ಹೊಲಿದೆ. ಮಗ ಮಾಂತು ಆರು ವರ್ಷ ಅದರ ಮೇಲೆಯೇ ಮಲಗಿದ. ಅವನಿಗೀಗ ಮೂವತ್ತೆರಡು.

ನಿಮ್ಮ ಲೆಕ್ಕದಲ್ಲಿ ನನ್ನ ಹೆಸರನ್ನು ಪೆನ್ನಿನಲ್ಲಿಯೇ ಬರೆದುಕೊಳ್ಳಿ. ಅವನದನ್ನು ಮಾತ್ರ ದಯವಿಟ್ಟು ಪೆನ್ಸಿಲಿನಲ್ಲಿ ಬರೆಯಿರಿ.

ಮಾಂತುವಿನ ಅವ್ವ,
ಕಾಶವ್ವ