ಹಸಿರು ಗುರುತಿನ ಹಿಂದೆ ಏನೂ ಇರಲಿಲ್ಲ

ಕಾಂಚನಕ್ಕಾ,

ಕಾಮೋಠೆಯ ನಿನ್ನ ಬಿಲ್ಡಿಂಗಿನ ಗೇಟಿನ ತನಕ ಎರಡು ಸಲ ಬಂದು, ಮೇಲೆ ಹತ್ತುವ ಧೈರ್ಯವಾಗದೆ ತಿರುಗಿ ಹೋದ ಶಿವರಾಜ ಬರೆಯುತ್ತಿದ್ದೇನೆ. ಮೊದಲನೇ ಸಲ ವಾಚ್‌ಮನ್ "ಕಹಾಂ ಜಾನಾ ಹೈ?" ಎಂದು ಕೇಳಿದಾಗ, ಬಿಲ್ಡಿಂಗ್ ತಪ್ಪಿ ಬಂದೆ ಎಂದು ಸುಳ್ಳು ಹೇಳಿದೆ. ಎರಡನೇ ಸಲ ಅವನೇ ನಕ್ಕು, "ಆಜ್ ಭೀ ಗಲತ್ ಬಿಲ್ಡಿಂಗ್, ಸಾಹಬ್?" ಎಂದ. ಮೂರನೇ ಸಲ ಪೊಲೀಸರನ್ನು ಕರೆದಾನು ಎಂಬ ಹೆದರಿಕೆಯೂ ಸೇರಿ, ಕಾಗದ ಬರೆಯುವುದೇ ಸರಿ ಎನಿಸಿತು.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿಬಳಸುತ್ತ ಹೋದರೆ ನಾನು ಹೇಳದೆಯೇ ಮುಗಿಸಿಬಿಡುವವನು, ನಿನಗೆ ಗೊತ್ತು. ಕಳೆದ ಫೆಬ್ರವರಿಯಲ್ಲಿ ನೀನು ನಮ್ಮ ಸಂಘದ ವಧು-ವರ ವೆಬ್‌ಸೈಟಿನಲ್ಲಿ ನಿನ್ನ ಹೆಸರು ತುಂಬಿದೆಯಲ್ಲ, ಅದು ಯಾರಿಗೂ ಮುಟ್ಟಲಿಲ್ಲ. ನೋಡಿದವರು ಬೇಡವೆಂದು ಸುಮ್ಮನಾದದ್ದಲ್ಲ. ಯಾರೂ ನೋಡಲೇ ಇಲ್ಲ. ನೀನು ಒತ್ತಿದ ಗುಂಡಿಯ ಹಿಂದೆ ಏನೂ ಇರಲಿಲ್ಲ. ಆ ಗುಂಡಿಯನ್ನು ಮಾಡಿದವನು ನಾನು.

ಹೇಗಾಯಿತೆಂದು ಬರೆಯುತ್ತೇನೆ. ನೆಪ ಎಂದು ಓದಬೇಡ. ಆದರೂ ಬರೆಯುವಾಗ ನನಗೇ ಅದು ನೆಪದಂತೆ ಕೇಳಿಸುತ್ತಿದೆ.

ಇಂಥ ವೆಬ್‌ಸೈಟಿಗೆ ಎರಡು ಭಾಗ ಇರುತ್ತವೆ. ಕಣ್ಣಿಗೆ ಕಾಣುವ ಮುಂದಿನ ಭಾಗ ಒಂದು: ಬಣ್ಣ, ಫೋಟೋ, ತುಂಬುವ ಖಾನೆಗಳು. ತುಂಬಿದ್ದೆಲ್ಲ ಹೋಗಿ ಕೂರುವ ಹಿಂದಿನ ಭಾಗ ಇನ್ನೊಂದು, ಅದು ಡೇಟಾಬೇಸ್. ಎರಡನ್ನೂ ಜೋಡಿಸಲು ಮುಂದಿನದಕ್ಕೆ ಹಿಂದಿನದರ ವಿಳಾಸ ಕೊಡಬೇಕು. ಮುಂದಿನ ಭಾಗವನ್ನು ನಾನು ಎರಡು ತಿಂಗಳು ಕೂತು ಚಂದ ಮಾಡಿದೆ. ಹೆಸರು ಬರೆಯುತ್ತಿದ್ದಂತೆ ಖಾನೆಯ ಅಂಚು ಬೆಳಗುತ್ತಿತ್ತು. ಫೋಟೋ ಹಾಕಿದರೆ ತಾನೇ ದುಂಡಗೆ ಕತ್ತರಿಸಿಕೊಳ್ಳುತ್ತಿತ್ತು. ಕೊನೆಗೆ ಒತ್ತಿದರೆ ಹಸಿರು ಗುರುತು ಅರಳಿ, "ನಿಮ್ಮ ಮಾಹಿತಿ ಸಂಘಕ್ಕೆ ತಲುಪಿದೆ" ಎಂದು ಬರುತ್ತಿತ್ತು. ಆ ಗುರುತು ಅರಳುವುದನ್ನು ನೋಡಲೆಂದೇ ನಾನು ಎಷ್ಟೋ ಸಲ ಸುಮ್ಮನೆ ಒತ್ತಿದ್ದೇನೆ.

ಉದ್ಘಾಟನೆ ಇದ್ದದ್ದು ಸಂಕ್ರಾಂತಿಯ ನಂತರದ ರವಿವಾರ, ನೌಪಾಡಾದ ಹಾಲ್‌ನಲ್ಲಿ. ಬಾಡಿಗೆಯ ಸರ್ವರಿನಲ್ಲಿ ಇಟ್ಟಿದ್ದ ಡೇಟಾಬೇಸು ಅವತ್ತು ಬೆಳಿಗ್ಗೆ ಉತ್ತರವನ್ನೇ ಕೊಡಲಿಲ್ಲ. ಹಾಲ್‌ನಲ್ಲಿ ನೆಟ್ ಹಿಡಿಯುತ್ತಿರಲಿಲ್ಲ. ಸ್ಟೇಜಿನ ಮೇಲೆ ಆಗಲೇ ಹೂವಿನ ಹಾರಗಳು ಬಂದಿದ್ದವು. ಅಧ್ಯಕ್ಷರು ಸಿದ್ದಲಿಂಗಪ್ಪನವರು ಮೂರು ನಿಮಿಷಕ್ಕೊಮ್ಮೆ ಬಂದು "ಆತೇನೋ ತಮ್ಮಾ? ಮಂದಿ ಕುಂತಾರ" ಎನ್ನುತ್ತಿದ್ದರು. ಆಗ ಎರಡು ಕೆಲಸ ಮಾಡಿದೆ. ವಿಳಾಸದ ಜಾಗದಲ್ಲಿ ನನ್ನ ಲ್ಯಾಪ್‌ಟಾಪನ್ನೇ ಹಾಕಿ, ತುಂಬಿದ್ದು ಅಲ್ಲೇ ಉಳಿಯುವಂತೆ ಮಾಡಿದೆ. ಹಸಿರು ಗುರುತು ಡೇಟಾಬೇಸಿನ ಉತ್ತರಕ್ಕೆ ಕಾಯದೆ ಒತ್ತಿದ ಕೂಡಲೇ ಬರುವಂತೆ ಮಾಡಿದೆ. ಕಾರ್ಯಕ್ರಮ ಮುಗಿದ ಮೇಲೆ ಎರಡನ್ನೂ ಸರಿಮಾಡಿದರಾಯಿತು ಅಂದುಕೊಂಡೆ.

ಕಾರ್ಯಕ್ರಮ ಭಾರಿ ಚಂದ ಆಯಿತು. ಜನ ಸಾಲಿನಲ್ಲಿ ನಿಂತು ನನ್ನ ಲ್ಯಾಪ್‌ಟಾಪಿನಲ್ಲೇ ನಲವತ್ತೊಂದು ಹೆಸರು ತುಂಬಿದರು. ಆಮೇಲೆ ನನ್ನನ್ನು ಸ್ಟೇಜಿಗೆ ಕರೆದು ಶಾಲು ಹೊದಿಸಿದರು. ಅಕ್ಕಾ, ಆರನೇ ಇಯತ್ತೆಯ ತನಕ ಕನ್ನಡ ಶಾಲೆ, ಅಲ್ಲಿಂದ ಒಂದೂವರೆ ವರ್ಷ ಮರಾಠಿ, ಆಮೇಲೆ ಶಾಲೆಯೇ ಇಲ್ಲದವನು ನಾನು. ನಾಲ್ಕು ಜನರೆದುರು ನನ್ನ ಹೆಸರು ಹಿಡಿದು ಕರೆದದ್ದೆಲ್ಲ ಬೈಗುಳಕ್ಕೇ. ಶಾಲು ಹೊದ್ದುಕೊಂಡೇ ಡೊಂಬಿವ್ಲಿಯ ಲೋಕಲ್ ಹತ್ತಿದೆ. ಬೆವರಿಳಿಯುತ್ತಿದ್ದರೂ ತೆಗೆಯಲಿಲ್ಲ. ಮನೆಗೆ ಬಂದವನೇ, ಇದ್ದದ್ದು ಇದ್ದಂತೆಯೇ ವೆಬ್‌ಸೈಟನ್ನು ಊರಿಗೆಲ್ಲ ತೆರೆದುಬಿಟ್ಟೆ. ಅದರಲ್ಲಿ ನಾನು ಕೊಟ್ಟಿದ್ದ ವಿಳಾಸದ ಅರ್ಥ "ಇದೇ ಯಂತ್ರ" ಎಂದಷ್ಟೇ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ನನ್ನ ಲ್ಯಾಪ್‌ಟಾಪು, ನಿನ್ನ ಫೋನಿನಲ್ಲಿ ತೆರೆದರೆ ನಿನ್ನ ಫೋನು. ನೀನು ತುಂಬಿದ್ದು ನಿನ್ನ ಫೋನಿನಲ್ಲೇ ಡೇಟಾಬೇಸನ್ನು ಹುಡುಕಿ, ಸಿಗದೆ, ಅಲ್ಲೇ ಇಲ್ಲವಾಯಿತು. ಗುರುತು ಮಾತ್ರ ಹಸಿರಾಗಿ ಬಂತು. ಅದಕ್ಕೆ ಯಾವ ಉತ್ತರವೂ ಬೇಕಿರಲಿಲ್ಲವಲ್ಲ.

ಮನೆಯಿಂದ ಹೊರಟ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮೂರು ಸಲ ಹಿಂದೆ ಬಂದು ನೋಡುವವನು ನಾನು. ಇದನ್ನೂ ನೋಡಿದೆ, ವಾರಕ್ಕೊಮ್ಮೆ ನೋಡಿದೆ. ಆದರೆ ನನ್ನ ಲ್ಯಾಪ್‌ಟಾಪಿನಲ್ಲೇ ನೋಡಿದೆ, ಅಲ್ಲಿ ಎಲ್ಲವೂ ಸರಿ ಇತ್ತು. ಪಟ್ಟಿ ಎಲ್ಲರಿಗೂ ಕಾಣುವಂಥದ್ದಲ್ಲ. ತಿಂಗಳಿಗೊಮ್ಮೆ ನಾನೇ ತೆಗೆದು ಸಂಘಕ್ಕೆ ಕೊಡುತ್ತಿದ್ದೆ. ಪ್ರತಿ ತಿಂಗಳೂ ಅದೇ ನಲವತ್ತೊಂದು. ಆಗಲೇ ಅನುಮಾನ ಬರಬೇಕಿತ್ತು. ಬಂದದ್ದು ಬೇರೆ ಅನುಮಾನ: ಶಾಲೆ ಬಿಟ್ಟವನು ಮಾಡಿದ್ದನ್ನು ನಂಬಿ ಯಾರು ಹೆಸರು ಕೊಡುತ್ತಾರೆ ಎಂದು. ಹಾಗೆ ಯಾರಾದರೂ ಮುಖದ ಮೇಲೆ ಅಂದಾರೆಂದು ಹೆದರಿ, ಯಾಕೆ ತುಂಬುತ್ತಿಲ್ಲ ಎಂದು ಒಬ್ಬರನ್ನೂ ಕೇಳಲಿಲ್ಲ.

ಡೊಂಬಿವ್ಲಿಯ ಚಾಳಿನಲ್ಲಿ ನೀನು ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಕೀಬೋರ್ಡ್ ಬರೆದುಕೊಟ್ಟದ್ದು ನೆನಪಿದೆಯೇ? ನಿನ್ನ ಕಂಪ್ಯೂಟರ್ ಕ್ಲಾಸ್ ಮುಗಿದು ಬರುವ ಹೊತ್ತಿಗೆ ನಾನು ಗ್ಯಾಲರಿಯಲ್ಲಿ ಕಾದು ಕೂತಿರುತ್ತಿದ್ದೆ. ನೀನು ಚಪ್ಪಲಿ ಬಿಡುವುದರೊಳಗೇ "ಇವತ್ತ ಏನ ಹೇಳಿಕೊಟ್ರ?" ಎಂದು ಗಂಟುಬೀಳುತ್ತಿದ್ದೆ. "ಅನ್ನಾ ಉಣ್ಣಾಕರ ಬಿಡೋ ಮಾರಾಯಾ" ಎನ್ನುತ್ತ, ನೀನು ಉಣ್ಣುತ್ತಲೇ ಎಡಗೈಯಿಂದ ತೋರಿಸುತ್ತಿದ್ದೆ. "ಕೆಳಗ ನೋಡಬ್ಯಾಡ ಶಿವ್ಯಾ, ಬೆರಳಿಗೆ ತಾನ ಗೊತ್ತಾಗ್ತದ." ಕಾಗದದ ಮೇಲೆ ಟೈಪಿಂಗ್ ಕಲಿತವನು ನಾನು. ಡೊಂಬಿವ್ಲಿ ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕೆ ಹೋದ ಮೊದಲ ದಿನ ಮಾಲೀಕರು ನನ್ನ ಬೆರಳು ನೋಡಿ ಯಾವ ಕ್ಲಾಸು ಎಂದು ಕೇಳಿದ್ದರು. ಇವತ್ತು ನಾನು ಉಣ್ಣುವ ಅನ್ನ ಅಲ್ಲಿಂದ ಬಂದದ್ದು. ಯಾರಿಗೆ ತಪ್ಪು ಮಾಡಿದರೂ ನಿನಗೆ ಮಾಡಬಾರದಿತ್ತು.

ಶ್ರಾವಣದ ಕಾರ್ಯಕ್ರಮಕ್ಕೆ ಗುರಮ್ಮ ಚಿಗವ್ವ ಬಂದಿದ್ದಳು. ಪ್ರಸಾದದ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದಳು. ಚೆನ್ನಾಗಿದ್ದೀಯೇನವ್ವಾ ಎಂದು ಕೇಳಿದ್ದಷ್ಟೇ. ನಿನ್ನ ತಾಯಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಏನ ಛಲೋ ಬಿಡಪಾ. ಗಂಡ ಸತ್ತು ಒಂಬತ್ತ ವರ್ಷ ಆದ ಮ್ಯಾಲೆ ಕಾಂಚನಾನ್ನ ಎರಡನೇ ಲಗ್ನಕ್ಕ ಒಪ್ಪಿಸಿದ್ದೆ ನಾ. ಕಳಂಬೋಲಿ ಕಬ್ಬಿಣದ ಲೋಖಂಡ ಬಜಾರದಾಗ ಆಕಿ ಕಾಟಾದ ಕ್ಯಾಬಿನ್ ಅದ ಅಲಾ, ಹೊರಗ ಎರಡ ಲಾರಿ ತೂಕಕ್ಕ ನಿಂತಿದ್ವಂತ. ಅವನ್ನ ನಿಲ್ಲಿಸಿ ಫಾರಂ ತುಂಬ್ಯಾಳ. ಮತ್ತ ಮನಸ್ಸು ಬದಲಾದೀತು ಅಂತ. ಮನಿಗೆ ಬಂದು 'ಹಾಕೀನವ್ವಾ, ಶಿವ್ಯಾ ಮಾಡಿದ್ದ ಅದ, ಮೋಸ ಇರಂಗಿಲ್ಲ' ಅಂದ್ಳು. ಆರ ತಿಂಗಳಾತು. ಒಬ್ಬರದರ ಫೋನ ಬರಬೇಕಲ್ಲೋ?"

ನನ್ನ ಕೈಯ ತಾಟು ಓರೆಯಾಗಿ ಸಾರು ಅಂಗಿಯ ಮೇಲೆ ಚೆಲ್ಲಿತು. "ಹೆಸರು ಹಾಕಿದ್ಳೇನು? ಖರೇನ?" ಎಂದೆ. ಚಿಗವ್ವ ಫೋನು ತೆಗೆದು ತೋರಿಸಿದಳು. ನೀನು ಕಳಿಸಿದ ಚಿತ್ರ. ಹಸಿರು ಗುರುತು, ಕೆಳಗೆ ನನ್ನದೇ ಅಕ್ಷರಗಳು.

ಮನೆಗೆ ಬಂದು ನನ್ನ ಹೆಂಡತಿ ಪ್ರಾಜಕ್ತಾಳ ಫೋನಿನಿಂದ ಸುಳ್ಳು ಹೆಸರೊಂದನ್ನು ತುಂಬಿದೆ. ಹಸಿರು ಗುರುತು ಬಂತು. ಲ್ಯಾಪ್‌ಟಾಪು ತೆರೆದೆ. ನಲವತ್ತೊಂದು.

ನಮ್ಮ ಮಂದಿಯ ರೀತಿ ನಿನಗೆ ನಾನೇನು ಹೇಳಲಿ. ಹೆಣ್ಣು ನೋಡಿ ಹೋದವರು ಯಾರೂ ಬೇಡ ಎನ್ನುವುದಿಲ್ಲ. "ತಿಳಸ್ತೀವ್ರಿ" ಎಂದು ಚಹಾ ಕುಡಿದು ಎದ್ದು ಹೋಗುತ್ತಾರೆ, ಮತ್ತೆ ಫೋನು ಮಾಡುವುದಿಲ್ಲ. ಅಷ್ಟರಲ್ಲೇ ನಾವು ಅರ್ಥ ಮಾಡಿಕೊಳ್ಳಬೇಕು. ಬೇರೆ ಕಡೆಯವಳಾಗಿದ್ದರೆ ನೀನು ಒಂದು ಫೋನು ಮಾಡಿ, ನನ್ನ ಅರ್ಜಿ ಏನಾಯಿತು ಎಂದು ಕೇಳುತ್ತಿದ್ದೆಯೇನೋ. ನಮ್ಮಲ್ಲಿ ಯಾವ ಹೆಣ್ಣುಮಗಳು ಹಾಗೆ ಕೇಳುತ್ತಾಳೆ? ನೀನು ಸುಮ್ಮನಿದ್ದೆ. ಎಲ್ಲರೂ ನೋಡಿ ಬಿಟ್ಟಿದ್ದಾರೆ ಎಂದುಕೊಂಡು, ದಿನಾ ಬಸ್ಸು ಹತ್ತಿ ಕಳಂಬೋಲಿಗೆ ಹೋಗಿ ಲಾರಿಯ ತೂಕ ಬರೆದು ಬಂದೆ.

ಮರುದಿನವೇ ಡೇಟಾಬೇಸನ್ನು ಸರ್ವರಿಗೆ ಹಾಕಿದೆ, ವಿಳಾಸ ತಿದ್ದಿದೆ. ಈಗ ಡೇಟಾಬೇಸು "ಸಿಕ್ಕಿತು" ಎನ್ನುವ ತನಕ ಗುರುತು ಬರುವುದಿಲ್ಲ. ನಾಲ್ಕು ಫೋನುಗಳಲ್ಲಿ ನೋಡಿದೆ. ಆಮೇಲೆ ಸಿದ್ದಲಿಂಗಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ತಮ್ಮಾ, ತಪ್ಪಾಗೇದ, ಖರೆ. ಆದ್ರ ಇದನ್ನ ಡಂಗುರ ಹೊಡದ್ರ ನಾಳೆ ಯಾರರ ಸಂಘಕ್ಕ ಹೆಣ್ಮಕ್ಕಳ ಹೆಸರು ಕೊಡ್ತಾರೇನ? ವೆಬ್‌ಸೈಟ್ ಹೊಸಾದು ಮಾಡೀವಿ, ಮತ್ತೊಮ್ಮೆ ತುಂಬ್ರಿ ಅಂತ ಗ್ರೂಪಿನ್ಯಾಗ ಹಾಕು. ಮುಗೀತು." ಅವರ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಅದನ್ನು ನೆನೆದು ಈಗಲೂ ನಾಚಿಕೆಯಾಗುತ್ತದೆ. ಅವರ ಸೋಫಾದಲ್ಲಿ ಕೂತೇ ಆ ಸಂದೇಶ ಕಳಿಸಿದೆ.

ಹತ್ತೊಂಬತ್ತು ಜನ ಮತ್ತೆ ತುಂಬಿದರು. ಅದರಲ್ಲಿ ನೀನಿರಲಿಲ್ಲ. ಚಿಗವ್ವನಿಗೆ ಫೋನು ಮಾಡಿ ಉಪಾಯವಾಗಿ ಕೇಳಿದೆ. "ಅಂದೆನಪಾ ಆಕಿಗೆ. 'ಒಮ್ಮೆ ನೋಡಿ ಬಿಟ್ಟಾರ, ಮತ್ತ ಅವರ ಮುಂದ ಹೋಗಿ ನಿಂದ್ರಲೇನವ್ವಾ' ಅಂತಾಳ. ಇನ್ನ ಆಕಿ ಮುಂದ ಈ ಮಾತ ತಗೀಬ್ಯಾಡ" ಎಂದಳು. ಮೊದಲನೆಯದು ತಪ್ಪು, ಒಪ್ಪುತ್ತೇನೆ. ಎರಡನೆಯದು, ಆ ಸಂದೇಶ, ಸುಳ್ಳು; ತಿಳಿದೂ ತಿಳಿದೂ ಹೇಳಿದ್ದು. ಅದು ನೇರ ಬಂದು ನಿನಗೇ ತಾಗಿತು.

ಇನ್ನೊಂದು ಇದೆ. ಇದನ್ನು ಬಚ್ಚಿಟ್ಟರೆ ಯಾರಿಗೂ ಎಂದಿಗೂ ಗೊತ್ತಾಗುವಂಥದ್ದಲ್ಲ. ಉದ್ಘಾಟನೆಯ ದಿನ ನಲವತ್ತೊಂದು ಜನ ತುಂಬಿದರಲ್ಲ, ಅವರಲ್ಲಿ ಕಲ್ಯಾಣದವರೊಬ್ಬರಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಂಬತ್ತು ವರ್ಷದ ಮಗಳಿದ್ದಾಳೆ. ಫೆಬ್ರವರಿಯಿಂದ ಮೇ ತನಕ ಪ್ರತಿ ತಿಂಗಳ ಮೊದಲ ವಾರ ನನಗೆ ಫೋನು ಮಾಡುತ್ತಿದ್ದರು. "ಎರಡನೇ ಸಂಬಂಧದಾಗ ಹೊಸಾ ಹೆಸರು ಯಾವುದರ ಬಂದಾವೇನ್ರಿ? ನೌಕರಿ ಮಾಡಾಕಿ ಇದ್ರೂ ನಡೀತದ್ರಿ. ಬಿಡು ಅಂತ ನಾ ಅನ್ನಂಗಿಲ್ಲ." ನಾನು ನಾಲ್ಕು ಸಲವೂ "ಇಲ್ರೀ ಸರ್" ಎಂದೆ. ಜೂನ್‌ನಲ್ಲಿ ಅವರ ಮದುವೆ ಸೊಲ್ಲಾಪುರದ ಕಡೆ ಆಯಿತು. ನನಗೂ ಕಾರ್ಡು ಕೊಟ್ಟಿದ್ದರು. ಅವರ ಹೆಸರು ಬರೆಯುವುದಿಲ್ಲ, ಈಗ ಅವರದೊಂದು ಸಂಸಾರ ನಡೆಯುತ್ತಿದೆ. ನಿಮ್ಮಿಬ್ಬರಿಗೆ ಕೂಡಿಬರುತ್ತಿತ್ತು ಎಂದು ನಾನು ಹೇಳಲಾರೆ. ಒಂದು ಸಲ ಕೂತು ಚಹಾ ಕುಡಿದು ನೀನೇ ಬೇಡ ಅನ್ನುತ್ತಿದ್ದೆಯೇನೋ. ಹಾಗೆ ಅನ್ನುವ ಅವಕಾಶವನ್ನೂ ನಾನು ಉಳಿಸಲಿಲ್ಲ.

ಇದನ್ನು ಬರೆಯಬೇಕೋ ಬಿಡಬೇಕೋ ಎಂದು ಎಂಟು ದಿನ ಒದ್ದಾಡಿದೆ. ಇದರಿಂದ ನಿನಗೆ ಮತ್ತಷ್ಟು ನೋವಾದರೆ? ನನ್ನ ಎದೆ ಹಗುರ ಮಾಡಿಕೊಳ್ಳಲು ನಿನ್ನ ಮೇಲೆ ಭಾರ ಹೊರಿಸಿದಂತಾದರೆ? ಪ್ರಾಜಕ್ತಾ ಇಷ್ಟು ದಿನ ನನ್ನ ಮುಖ ನೋಡಿ ನೋಡಿ ಸಾಕಾಗಿ, ಕೊನೆಗೆ "ಸಾಂಗೂನ ಟಾಕ ತಿಲಾ" ಎಂದಳು. ಹೇಳಿಬಿಡು ಅವಳಿಗೆ, ನಿನಗೆ ಹಗುರವಾಗಲಿ ಎಂದಲ್ಲ, ಅದು ಅವಳಿಗೆ ಸೇರಿದ ಸುದ್ದಿ, ಇಟ್ಟುಕೊಳ್ಳಲು ನೀನು ಯಾರು ಎಂದಳು. ಅವತ್ತೇ ರಾತ್ರಿ ಕಾಗದ ತೆಗೆದು ಕೂತೆ.

ಬರುವ ರವಿವಾರ ನೌಪಾಡಾದಲ್ಲಿ ಸಂಘದ ಸಭೆ ಇದೆ. ನಾನು ಎದ್ದು ನಿಂತು ಎಲ್ಲ ಹೇಳುತ್ತೇನೆ. ಸಿದ್ದಲಿಂಗಪ್ಪನವರಿಗೆ ನಿನ್ನೆ ತಿಳಿಸಿದೆ, ಫೋನು ಇಟ್ಟುಬಿಟ್ಟರು. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಎಷ್ಟು ಜನ ತುಂಬಿದ್ದರು ಎಂದು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇಲ್ಲ. ಉಳಿಯದೇ ಹೋದದ್ದು ಎಷ್ಟೆಂದು ಎಲ್ಲಿ ನೋಡಲಿ? ಮತ್ತೆ ತುಂಬದೆ ಸುಮ್ಮನೆ ಕೂತವರು ನಿನ್ನಂತೆ ಇನ್ನೂ ಇರಬಹುದು. ಅವರ ಕಿವಿಗೆ ಇದು ಬೀಳಬೇಕು.

ಆ ಫಾರಂ ಮತ್ತೆ ತುಂಬು ಎಂದು ಕೇಳುವ ಮುಖ ನನಗಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ, ಕೇಳಿದರೆ ಕ್ಷಮಿಸಿಬಿಡುವವಳು ನೀನು. ಇಷ್ಟನ್ನು ಮಾತ್ರ ನಂಬು. ಈ ಆರು ತಿಂಗಳಲ್ಲಿ ನಿನ್ನ ಹೆಸರು ಓದಿ ಪಕ್ಕಕ್ಕಿಟ್ಟವರು ಒಬ್ಬರೂ ಇಲ್ಲ, ಅಕ್ಕಾ. ನಿನ್ನನ್ನು ಯಾರೂ ಬೇಡ ಅನ್ನಲಿಲ್ಲ. ಕೇಳಿದವರೊಬ್ಬರಿದ್ದರು. ಇಲ್ಲ ಎಂದವನು ನಾನು.

ನಿನಗಿಂತ ಸಣ್ಣವನು ಹರಸಬಾರದು. ಆದರೂ ನಿನ್ನ ಹೊಟ್ಟೆ ತಣ್ಣಗಿರಲಿ. ಚಿಗವ್ವನಿಗೆ ಇದನ್ನು ನೀನೇ ಓದಿ ಹೇಳು, ಇಲ್ಲವೇ ಹೇಳಬೇಡ, ಅದು ನಿನ್ನಿಷ್ಟ.

ತಲೆ ತಗ್ಗಿಸಿ,
ನಿನ್ನ ಶಿವ್ಯಾ
ಡೊಂಬಿವ್ಲಿ ಪೂರ್ವ