ಎರಡು ಮೊಳೆಗೆ ಸೇರಿದ ಚೀಟಿ

ಹೊಲಿಗೆ ಅಂಗಡಿಯಿಂದ,
ಸೋಮವಾರ, ಮಧ್ಯಾಹ್ನ

ಮಗಳೇ,

ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ, ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತೀಯೋ? ನಿಮ್ಮಮ್ಮನ ಮೊಣಕಾಲು ಹೇಗಿದೆ? ಇಲ್ಲಿ ನಿಮ್ಮತ್ತೆ ಎದ್ದು ಓಡಾಡುತ್ತಿದ್ದಾಳೆ. ಆದರೆ ನನ್ನ ಮೇಲೆ ರೇಗುವುದನ್ನು ಬಿಟ್ಟಿದ್ದಾಳೆ. ನನಗೆ ಅದೇ ಭಯ.

ಫೋನ್ ಮಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಬೈಯುತ್ತೇನೆ. ಅದಕ್ಕೇ ಈ ಪತ್ರ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವನ ಅಕ್ಷರ, ಸಹಿಸಿಕೋ. ನಿನ್ನೆ ನಿಮ್ಮಪ್ಪ ಫೋನಿನಲ್ಲಿ, “ಅವಳು ಇಂಗ್ಲಿಷ್ ಪರೀಕ್ಷೆ ಬರೆಯಲ್ವಂತೆ ಬೀಗರೇ, ಪುಸ್ತಕ ಮುಟ್ಟಲ್ಲ” ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಗ ಸತ್ತದ್ದು ಸಾಲದೇ, ನಿನ್ನನ್ನು ಓದಿಸಲು ಅವನು ಪಟ್ಟ ಪಾಡೂ ಸಾಯಬೇಕೇ?

ಅವನು ಅಂಗಿಗೆ ಕಾಜ ಹೊಲಿಯುತ್ತ ಒಂದು ಇಂಗ್ಲಿಷ್ ಪದ ಕೂಗುತ್ತಿದ್ದ. ನೀನು ಇಸ್ತ್ರಿ ಮಾಡುತ್ತ ಅದರ ಬಳಗವನ್ನೆಲ್ಲ ಒಪ್ಪಿಸುತ್ತಿದ್ದೆ. ಪದಕ್ಕೊಂದು ಚೀಟಿ ಬರೆದು ಗೋಡೆಗೆ ಸಿಕ್ಕಿಸುತ್ತಿದ್ದ, ಒಂದೊಂದು ಬಳಗಕ್ಕೆ ಒಂದೊಂದು ಮೊಳೆ. ಒಂದೇ ಥಾನು ಬಟ್ಟೆಯಲ್ಲಿ ಕತ್ತರಿಸಿದ ತೋಳು, ಕಾಲರಿನ ಹಾಗೆ ಒಂದೇ ಪದದಿಂದ ಹುಟ್ಟಿದವು ಒಂದು ಮೊಳೆಗೆ. ಬಟ್ಟೆ ಬೇರೆಯಾದರೂ ಬಣ್ಣ ಹೊಂದುವ ಸಮಾನಪದಗಳು ಇನ್ನೊಂದಕ್ಕೆ. ಮೊನ್ನೆ ಸುಣ್ಣ ಬಳಿಯಲು ಬಂದವನು ಹೇಳದೆ ಕೇಳದೆ ಚೀಟಿಗಳನ್ನೆಲ್ಲ ಕಿತ್ತು ಒಂದೇ ಚೀಲಕ್ಕೆ ತುಂಬಿದ. ಒಂದು ಬೈಗುಳಕ್ಕೆ ಎಷ್ಟು ಸಮಾನಪದ ಇರಬಹುದೋ ಅಷ್ಟನ್ನೂ ಅವನಿಗೆ ಒಪ್ಪಿಸಿದೆ.

ಆಮೇಲೆ ನಾನೇ ಜೋಡಿಸಲು ಕುಳಿತೆ. ಅಳತೆ ಬರೆಯುವ ನಾಲ್ಕು ಅಕ್ಷರ ಬಿಟ್ಟರೆ ನನಗೆಲ್ಲಿಯ ಇಂಗ್ಲಿಷ್? ಪುಣ್ಯಕ್ಕೆ ಅವನು ಪ್ರತಿ ಚೀಟಿಯ ಕೆಳಗೆ ಕನ್ನಡದಲ್ಲೂ ಬರೆದಿದ್ದ. ಗ್ರೀಫ್ ಸಿಕ್ಕಿತು, ಸಾರೋ ಸಿಕ್ಕಿತು, ಆಂಗ್ವಿಶ್ ಸಿಕ್ಕಿತು. ದುಃಖಕ್ಕೆ ಇಷ್ಟೊಂದು ಹೆಸರು ಯಾಕಪ್ಪಾ ಇವರಿಗೆ, ನಮಗೆ ಒಂದೇ ಹೊರಲಾರದಷ್ಟಿದೆ ಅನ್ನಿಸಿತು. ಆಗ ನೀನು ಹೇಳಿದ್ದು ನೆನಪಾಯಿತು: “ಮಾವ, ಸಮಾನ ಅಂದ್ರೆ ಪೂರ್ತಿ ಸಮಾನ ಅಲ್ಲ. ಗುಂಡಿ ಹೊಲಿಯೋ ಸೂಜೀಲಿ ರೇಷ್ಮೆ ಹೊಲೀತೀರಾ?” ನಿಜ. ಅವನು ಹೋದ ದಿನ ಆದದ್ದು ಒಂದು. ಈಗ ಅವನ ಮೆಷಿನ್ನಿಗೆ ಎಣ್ಣೆ ಬಿಡುವಾಗ ಆಗುವುದು ಇನ್ನೊಂದು. ಯಾವುದು ಯಾವ ಚೀಟಿ ಎಂದು ನೀನೇ ಬಂದು ಹೇಳಬೇಕು.

ಎಲ್ಲ ಮುಗಿದ ಮೇಲೆ ಕೈಯಲ್ಲಿ ಒಂದು ಉಳಿಯಿತು, ನೆಗ್ಲಿಜೆಂಟ್. ಹುಟ್ಟಿದ್ದು ನೆಗ್ಲೆಕ್ಟ್ ಮನೆಯಲ್ಲಿ, ಅರ್ಥದಲ್ಲಿ ಸೇರಿದ್ದು ಕೇರ್‌ಲೆಸ್ ಮನೆಗೆ. ಇಂಥ ಚೀಟಿ ಬಂದಾಗಲೆಲ್ಲ ಅವನು, “ನೋಡೇ, ನಿನ್ನ ಥರಾನೇ. ತವರೂ ಬೇಕು, ಇಲ್ಲೂ ಬೇಕು” ಎಂದು ನಿನ್ನನ್ನು ಕೆಣಕಿ, ಎರಡನೆಯದೊಂದು ಬರೆದು ಎರಡೂ ಮೊಳೆಗೆ ಸಿಕ್ಕಿಸುತ್ತಿದ್ದ. ಇದಕ್ಕೆ ಎರಡನೆಯದು ಬರೆಯುವಷ್ಟರಲ್ಲಿ ಅವನಿಗೆ ಜ್ವರ ಬಂತು.

ಬೀಗರಿಗೆ, ನಿಮ್ಮಮ್ಮನಿಗೆ ನಮ್ಮ ನಮಸ್ಕಾರ ತಿಳಿಸು. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈ ಯಾವಾಗಲೂ ಇರುತ್ತದೆ.

ನಿನ್ನ
ಮಾವ

ಮರೆತಿದ್ದೆ: “ಮಗನೇ ಇಲ್ಲದ ಮನೆಗೆ ಸೊಸೆ ಯಾಕೆ ಬರ್ತಾಳೆ” ಎಂದು ನೆಂಟರು ನಿಮ್ಮತ್ತೆಯ ಕಿವಿ ಕಚ್ಚುತ್ತಿದ್ದಾರೆ. ಅವರು ಏನಾದರೂ ಅನ್ನಲಿ, ನೆಗ್ಲಿಜೆಂಟಿನ ಆ ಎರಡನೇ ಚೀಟಿಯನ್ನು ನಾನೇ ಬರೆದು ಸಿಕ್ಕಿಸಿದ್ದೇನೆ, ಅಕ್ಷರ ಸೊಟ್ಟ. ಆಮೇಲೆ ಎಲ್ಲಿ ಬೇಕಾದರೂ ಇರು, ಪರೀಕ್ಷೆಯ ತನಕ ಇಲ್ಲಿಗೆ ಬಾ. ಪದ ನಾನು ಕೂಗುತ್ತೇನೆ. ನಾನು ಓದುವುದನ್ನು ಕೇಳಿ ನಗು ಬಂದರೆ ತಡೆಯಬೇಡ, ನಿಮ್ಮತ್ತೆಗೂ ಕೇಳಿಸಲಿ.